ಬೋರ್ಡಿನಲ್ಲಿ ಕನ್ನಡ ಬಂತು, ಸರ್ವರಿಗೆ ಯಾವ ಭಾಷೆ?



ನಾಮಫಲಕದಲ್ಲಿ ಶೇಕಡಾ 60 ಕನ್ನಡ ಬೇಕೆಂದು 2023ರ ಡಿಸೆಂಬರಿನಲ್ಲಿ ನಮ್ಮವರು ಬೆಂಗಳೂರಿನ ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ಕಾನೂನು ಬಂತು. ಸಂತೋಷ. ಈಗ ಆ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ ನೋಡಿ. ಚನ್ನಗಿರಿಯ ಅಡಿಕೆ ಮಂಡಿಯಿರಲಿ, ಹೊನ್ನಾಳಿಯ ಅಕ್ಕಿ ಗಿರಣಿಯಿರಲಿ, ನ್ಯಾಮತಿಯ ಗೊಬ್ಬರದ ಅಂಗಡಿಯಿರಲಿ, ಜಗಳೂರಿನ ಮೆಕ್ಕೆಜೋಳದ ವ್ಯಾಪಾರಿಯ ಗೋದಾಮಿರಲಿ, ಮೇಜಿನ ಕೆಳಗೆ ಧೂಳು ಹಿಡಿದ ಒಂದು ಡಬ್ಬಿ ಗುಂಯ್ ಎನ್ನುತ್ತಿರುತ್ತದೆ. ಅದೇ ಸರ್ವರ್. ಯಾವ ರೈತ ಎಷ್ಟು ಮುಂಗಡ ಪಡೆದ, ಯಾರ ಮಾಲು ಎಷ್ಟು ಕ್ವಿಂಟಲ್ ಬಂತು, ಯಾರ ಆಧಾರ್ ನಂಬರ್ ಏನು, ಯಾರ ಬ್ಯಾಂಕ್ ಖಾತೆ ಯಾವುದು, ಎಲ್ಲವೂ ಅದರ ಹೊಟ್ಟೆಯಲ್ಲಿದೆ.

ಹಿಂದೆ ಇದೇ ಲೆಕ್ಕ ಕಿರ್ದಿ ಪುಸ್ತಕದಲ್ಲಿತ್ತು. ಸಂಜೆಯಾದರೆ ಗುಮಾಸ್ತ ಅದನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸಾಹುಕಾರರ ಕೈಗೆ ಕೊಟ್ಟು ಹೋಗುತ್ತಿದ್ದ. ಈಗಿನ ಕಿರ್ದಿ ಒಂದು ಫೋಲ್ಡರು. ಅಂಗಡಿಯ ಐದು ಕಂಪ್ಯೂಟರಿಗೂ ಅದು ತೆರೆದೇ ಇರುತ್ತದೆ. ಪಾಸ್‌ವರ್ಡ್ ಒಂದೇ, ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರುತ್ತಾರೆ! ಬಿಲ್ ಹೊಡೆಯುವ ಹುಡುಗನಿಗೂ ಅಳಿಸುವ ಅಧಿಕಾರ, ಲೆಕ್ಕ ನೋಡುವ ಆಡಿಟರಿಗೂ ಅಳಿಸುವ ಅಧಿಕಾರ. ಸಾಫ್ಟ್‌ವೇರ್ ಹಾಕಿಕೊಟ್ಟವನು ದೂರದ ಊರಿನಲ್ಲಿ ಕುಳಿತೇ ನಿಮ್ಮ ಕಂಪ್ಯೂಟರಿನೊಳಗೆ ಬರಲು ಮಾಡಿಕೊಂಡ ಹಿಂಬಾಗಿಲು ಹಗಲೂ ರಾತ್ರಿ ತೆರೆದಿರುತ್ತದೆ.

ಸರಿ, ಒಂದು ದಿನ ಪರದೆಯ ಮೇಲೆ ಇಂಗ್ಲಿಷಿನ ಒಂದು ಚೌಕ ಬಂತು ಎನ್ನಿ. ಯಾರೋ ಅಪರಿಚಿತರು ಒಳಬರುತ್ತಿದ್ದಾರೆ, ಬಿಡಲೇ ಬೇಡವೇ ಎಂದು ಅದು ಕೇಳುತ್ತಿದೆ. ಕೌಂಟರಿನಲ್ಲಿ ಕುಳಿತವನು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನಮ್ಮ ಹುಡುಗ. ಎದುರಿಗೆ ಹತ್ತು ಜನ ರೈತರು ಚೀಟಿ ಹಿಡಿದು ನಿಂತಿದ್ದಾರೆ. ಸಾಫ್ಟ್‌ವೇರಿನವನು ಹೇಳಿಕೊಟ್ಟ ಪಾಠ ಒಂದೇ: "ಏನಾದ್ರೂ ಬಂದ್ರೆ ಓಕೆ ಒತ್ತಿಬಿಡು." ಒತ್ತುತ್ತಾನೆ. ನಾಳೆ ಡೇಟಾ ಹೋದರೆ "ದಡ್ಡ ನನ್ಮಗ" ಎಂದು ಬೈಸಿಕೊಳ್ಳುವವನೂ ಅವನೇ. ನಾನು ಕೇಳುತ್ತೇನೆ, ದಡ್ಡ ಯಾರು? ಓದಲು ಬಾರದ ಭಾಷೆಯಲ್ಲಿ ಎಚ್ಚರಿಕೆ ಕೊಟ್ಟವರೋ, ಅದನ್ನು ಓದಲಾಗದವನೋ?

2017ರ ಮೇ 12ರಂದು 'ವಾನ್ನಾಕ್ರೈ' ಎಂಬ ವೈರಸ್ ಜಗತ್ತಿನ 150 ದೇಶಗಳಲ್ಲಿ ಹಬ್ಬಿತು. ಅದು ನುಗ್ಗಿದ್ದೇ ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದಕ್ಕೆ ಹಂಚುವ ದಾರಿಯಲ್ಲಿ, ಅಂದರೆ ಇದೇ ಫೈಲ್ ಸರ್ವರಿನ ಬಾಗಿಲಲ್ಲಿ. ಫೈಲುಗಳನ್ನೆಲ್ಲ ಬೀಗ ಹಾಕಿ, ದುಡ್ಡು ಕೊಟ್ಟರೆ ಬಿಡುತ್ತೇವೆ ಎಂದಿತು. ಮೈಕ್ರೋಸಾಫ್ಟ್ ಕಂಪನಿ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ, ಆ ಬಿರುಕಿಗೆ ತೇಪೆ ಬಿಟ್ಟಿತ್ತು. ತೇಪೆ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಆ ಕಳ್ಳರು ತಮ್ಮ ಬೆದರಿಕೆ ಪತ್ರವನ್ನು 28 ಭಾಷೆಗಳಿಗೆ ಅನುವಾದಿಸಿದ್ದರು. ಲಾಟ್ವಿಯನ್ ಇತ್ತು, ಸ್ಲೋವಾಕ್ ಇತ್ತು. ಭಾರತದ ಒಂದೇ ಒಂದು ಭಾಷೆ ಇರಲಿಲ್ಲ. ದೋಚಲು ಬಂದವನಿಗೂ ನಮ್ಮ ಭಾಷೆ ಬೇಕೆನಿಸಲಿಲ್ಲ!

ಅದು ದೂರದ ಮಾತು ಎನ್ನುವಿರಾ? 2024ರ ಜುಲೈ ಕೊನೆಯಲ್ಲಿ ಸಣ್ಣ ಸಹಕಾರಿ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಗೆ ಇಂಥದೇ ವೈರಸ್ ಹೊಕ್ಕಿತು. ಹರಡಬಾರದೆಂದು ರಾಷ್ಟ್ರೀಯ ಪಾವತಿ ನಿಗಮವೇ ಅದರ ಸಂಪರ್ಕ ಕಡಿದುಹಾಕಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಹಣ ಪಾವತಿ ನಿಂತಿತು. ದೊಡ್ಡ ಬ್ಯಾಂಕಿನವರು ಕಾಫಿ ಕುಡಿಯುತ್ತಿದ್ದರು, ಬಿದ್ದದ್ದು ಸಣ್ಣವರ ತಲೆಯ ಮೇಲೆ.

ಇನ್ನು ನಮ್ಮ ನ್ಯಾಮತಿಯನ್ನೇ ನೋಡಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಮಿಕ್ಕಿ ಅಡವಿಟ್ಟ ಚಿನ್ನ ಹೋಯಿತು. ಪೊಲೀಸರು 2025ರ ಮಾರ್ಚಿನಲ್ಲಿ ಕಳ್ಳರನ್ನು ಹಿಡಿದು ಚಿನ್ನ ತಂದದ್ದು ನಮ್ಮ ಪುಣ್ಯ. ಆದರೆ ಕಳ್ಳರು ಹೋಗುವಾಗ ಚಿನ್ನದ ಜೊತೆಗೆ ಇನ್ನೇನು ಹೊತ್ತೊಯ್ದರು, ನೆನಪಿದೆಯೇ? ಸಿಸಿಟಿವಿಯ ಡಿವಿಆರ್ ಪೆಟ್ಟಿಗೆ! ಕಳ್ಳತನದ ಸಾಕ್ಷಿಯೂ ಕಳ್ಳತನ ನಡೆದ ಮನೆಯಲ್ಲೇ ಇದ್ದರೆ ಆಗುವುದು ಹೀಗೆಯೇ. ನಿಮ್ಮ ಬ್ಯಾಕಪ್ಪಿನ ಕಥೆಯೂ ಇದೇ. ಸರ್ವರಿಗೆ ಚುಚ್ಚಿಯೇ ಬಿಟ್ಟ ಪೆನ್‌ಡ್ರೈವಿನಲ್ಲಿ ಬ್ಯಾಕಪ್ ಇದ್ದರೆ ವೈರಸ್ ಎರಡನ್ನೂ ಒಟ್ಟಿಗೆ ನುಂಗುತ್ತದೆ. ಪ್ರತಿ ಒಂದನ್ನು ಬಿಚ್ಚಿಡಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿಡಿ. ತಿಂಗಳಿಗೊಮ್ಮೆ ಅದರಿಂದ ಲೆಕ್ಕ ನಿಜವಾಗಿ ವಾಪಸು ಬರುತ್ತದೆಯೇ ಎಂದು ತೆಗೆದು ನೋಡಿ. ಮೊಳೆಯುತ್ತದೋ ಇಲ್ಲವೋ ನೋಡದೆ ನಮ್ಮ ರೈತ ಬೀಜ ಬಿತ್ತುತ್ತಾನೆಯೇ?

ಅಧಿಕಾರ ಹಂಚುವುದೂ ನಮಗೆ ಹೊಸದಲ್ಲ. ಕೆರೆಯ ತೂಬನ್ನು ಊರವರೆಲ್ಲ ಎತ್ತುವಂತಿಲ್ಲ, ಅದಕ್ಕೊಬ್ಬ ನೀರುಗಂಟಿ ಇರುತ್ತಾನೆ. ನೀರು ಎಲ್ಲರಿಗೂ ಸಿಗುತ್ತದೆ, ತೂಬು ಮಾತ್ರ ಅವನ ಕೈಯಲ್ಲಿ. ಡೇಟಾಬೇಸಿಗೂ ಇದೇ ಲೆಕ್ಕ. ಬಿಲ್ ಹಾಕುವವನು ಬಿಲ್ ಹಾಕಲಿ, ಆಡಿಟರು ನೋಡಲಿ, ಅಳಿಸುವ ತಿದ್ದುವ ಹಕ್ಕು ಒಬ್ಬಿಬ್ಬರಿಗೆ ಮಾತ್ರ ಇರಲಿ, ಅವರವರ ಹೆಸರಿನಲ್ಲಿ ಅವರವರ ಪಾಸ್‌ವರ್ಡಿನೊಡನೆ. ಸರ್ವರನ್ನು ಮನೆಯಿಂದಲೇ ನೋಡುವ ಚಪಲಕ್ಕೆ ಡೇಟಾಬೇಸಿನ ಬಾಗಿಲನ್ನು ನೇರ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಬರುವುದಿಲ್ಲ ಎನ್ನುವ ಪಂಡಿತರಿದ್ದಾರೆ. ಅವರು ತಾಲ್ಲೂಕು ಕಚೇರಿಗೆ ಹೋಗಲಿ. 2001ರ ಹೊತ್ತಿಗೇ 'ಭೂಮಿ' ಯೋಜನೆಯಲ್ಲಿ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಹೋದವು, ಕನ್ನಡದಲ್ಲೇ ಹೋದವು. ತಿದ್ದುವ ನೌಕರ ಬೆರಳ ಗುರುತು ಒತ್ತಿಯೇ ಒಳಹೋಗಬೇಕಿತ್ತು, ಯಾರು ತಿದ್ದಿದರೆಂಬುದು ದಾಖಲಾಗುತ್ತಿತ್ತು. ಹಾಗಾದರೆ ಕನ್ನಡವೂ ಭದ್ರತೆಯೂ ಒಂದೇ ಮನೆಯಲ್ಲಿ ಬಾಳಬಲ್ಲವು.

ಕೇಂದ್ರ ಸರ್ಕಾರದ ಲೀಲೆ ಕೇಳಿ. 2022ರ ಏಪ್ರಿಲಿನಲ್ಲಿ ಅದರ ಸೈಬರ್ ಸಂಸ್ಥೆ ಸರ್ಟ್-ಇನ್, ದಾಳಿಯಾದದ್ದು ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಇಂಗ್ಲಿಷಿನಲ್ಲಿ ಅಪ್ಪಣೆ ಹೊರಡಿಸಿತು. ಜಗಳೂರಿನ ವ್ಯಾಪಾರಿ ಅದನ್ನು ಓದಿಸಿಕೊಳ್ಳುವಷ್ಟರಲ್ಲೇ ಆರು ಗಂಟೆ ಕಳೆದಿರುತ್ತದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿದೆ: ಜನರ ಮಾಹಿತಿ ಪಡೆಯುವವರು ಕೊಡುವ ಸೂಚನೆ ಎಂಟನೆಯ ಪರಿಚ್ಛೇದದ ಯಾವ ಭಾಷೆಯಲ್ಲಿ ಬೇಕಾದರೂ ಸಿಗಬೇಕು ಎಂದಿದೆ. ಕನ್ನಡ ಆ ಪಟ್ಟಿಯಲ್ಲಿದೆ. ಅದೇ ಕಾಯ್ದೆ, ಮಾಹಿತಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೂ ದಂಡ ಎಂದಿದೆ. ಆದರೆ ಕಾಯಬೇಕಾದ ಗುಮಾಸ್ತನಿಗೆ ಅವನ ಭಾಷೆಯಲ್ಲಿ ಎಚ್ಚರಿಕೆ ಕೊಡಬೇಕೆಂದು ಎಲ್ಲೂ ಹೇಳಿಲ್ಲ. ದಂಡ ಕಟ್ಟುವಾಗ ನಾವು ಬೇಕು, ತಿಳಿಸುವಾಗ ಬೇಡ.

ನಾವೂ ಸಾಚಾ ಅಲ್ಲ ಬಿಡಿ. ವಿಂಡೋಸಿಗೆ ಕನ್ನಡದ ಮುಖ ಬಂದು ವರ್ಷಗಳಾದವು. ಎಷ್ಟು ಜನ ಹಾಕಿಸಿಕೊಂಡಿದ್ದೀರಿ? ಹಾಗೆಂದು ಕನ್ನಡದ ಹೆಸರಿನಲ್ಲಿ 'ಅನಧಿಕೃತ ಅಭಿಗಮ ಪ್ರಯತ್ನ' ಎಂದು ಬರೆದರೆ ಅದೂ ಒಂದು ಇಂಗ್ಲಿಷೇ. "ಗೊತ್ತಿಲ್ಲದವರು ಒಳಗೆ ಬರಲು ನೋಡುತ್ತಿದ್ದಾರೆ, ಬಿಡಬೇಡಿ" ಎಂದು ಬರೆಯಲಿ, ಹುಡುಗ ಕೈ ಹಿಂದೆಗೆಯುತ್ತಾನೆ.

ನಾಲ್ಕೂ ತಾಲ್ಲೂಕಿನ ವರ್ತಕರೇ, ಸಹಕಾರ ಸಂಘಗಳ ನಿರ್ದೇಶಕರೇ, ಸಾಫ್ಟ್‌ವೇರಿನವನು ಈ ಸಲ ವಾರ್ಷಿಕ ನಿರ್ವಹಣೆಯ ಹಣ ಕೇಳಲು ಬಂದಾಗ ಚೆಕ್ ಬರೆಯುವ ಮೊದಲು ಕರಾರಿನಲ್ಲಿ ಬರೆಸಿ: ಎಚ್ಚರಿಕೆಗಳು ಕನ್ನಡದಲ್ಲಿ ಬರಬೇಕು, ದಾಳಿಯಾದರೆ ಏನು ಮಾಡಬೇಕೆಂಬ ಒಂದು ಪುಟದ ಕನ್ನಡ ಚೀಟಿ ಸರ್ವರಿನ ಪಕ್ಕ ಅಂಟಿಸಬೇಕು, ಹಿಂಬಾಗಿಲು ನಾವು ಕರೆದಾಗ ಮಾತ್ರ ತೆರೆಯಬೇಕು. ಒಪ್ಪದಿದ್ದರೆ ಚೆಕ್ಕಿಗೆ ಸಹಿ ಹಾಕಬೇಡಿ.