ಹಣೆಪಟ್ಟಿಯ ಸಂಗೀತ

ಅಮೆರಿಕದ ಚಾರ್ಲ್ಸ್ ಮಿಂಗಸ್ (1922–1979) ಒಳ್ಳೆಯ ಜಾಝ್ ವಾದಕ, ಆದರೆ ಕೃತಿರಚನೆ ಆತನಿಗೆ ಒಲಿಯಲಿಲ್ಲ ಎಂದು ತೀರ್ಪು ಕೊಡುವ ರಸಿಕ ಮಹಾಶಯರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹುಡುಗನಾಗಿದ್ದಾಗ ಆತ ಕಲಿತದ್ದು ಚೆಲ್ಲೊ. ಕಪ್ಪು ಜನರಿಗೆ ಸಿಂಫನಿ ವಾದ್ಯವೃಂದಗಳ ಬಾಗಿಲು ಮುಚ್ಚಿದ್ದ ಕಾಲ. ಪಿಟೀಲಿನ ಕುಲದ ಆಳೆತ್ತರದ ಮಂದ್ರವಾದ್ಯ, ಡಬಲ್ ಬೇಸನ್ನು ಅಪ್ಪಿಕೊಂಡ. ಅದಕ್ಕೂ ಗುರುವಾದವರು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ನುಡಿಸಿದ್ದ ಹರ್ಮನ್ ರೈನ್‌ಶಾಗನ್! ಬಾಗಿಲು ಹಾಕಿದವರೇ ‘ಒಳಗೇಕೆ ಬರಲಿಲ್ಲ’ ಎಂದು ಕೇಳುವುದು ಯಾವ ಊರಿನ ನ್ಯಾಯ?

ಚರ್ಚಿನ ಹಾಡು, ಬ್ಲೂಸ್, ಎಲಿಂಗ್ಟನ್, ಸ್ಟ್ರಾವಿನ್‌ಸ್ಕಿ ಎಲ್ಲವೂ ಆತನ ಕೃತಿಗಳಲ್ಲಿ ಒಂದೇ ಒಲೆಯ ಮೇಲೆ ಬೆಂದವು. ಶಾಲೆಗಳಲ್ಲಿ ವರ್ಣಭೇದವನ್ನು ಕಾಯಹೊರಟ ಗವರ್ನರ್ ಫಾಬಸ್‌ನನ್ನು ಗೇಲಿ ಮಾಡುವ ಕೃತಿ 1959ರಲ್ಲಿ ಕೊಲಂಬಿಯಾ ಮುದ್ರಿಕೆಯಲ್ಲಿ ಮಾತಿಲ್ಲದೆ ಬಂತು. ಮಾತು ಸೇರಿದ್ದು ಮರುವರ್ಷ, ಬೇರೆ ಕಂಪನಿಯಲ್ಲಿ. ‘ಜಾಝ್’ ಎಂಬ ಹೆಸರನ್ನೇ ಆತ ಸಹಿಸುತ್ತಿರಲಿಲ್ಲ. ಸಹಿಸಬೇಕಾದರೂ ಏಕೆ?

ಎರಡು ಗಂಟೆಗೂ ಮೀರಿದ ‘ಎಪಿಟಾಫ್’ 1962ರ ಕಚೇರಿಯಲ್ಲಿ ಕುಸಿಯಿತು, ನಿಜ. ನಕಲುಗಾರರು ವೇದಿಕೆಯ ಮೇಲೇ ಕುಳಿತು ಸ್ವರಲಿಪಿ ಬರೆಯುತ್ತಿದ್ದರೆ ಇನ್ನೇನಾದೀತು? ಅದನ್ನು ರಚನೆಯ ತಲೆಗೆ ಕಟ್ಟುವುದು ಸಲ್ಲದು. 1989ರಲ್ಲಿ ಗುಂಥರ್ ಶುಲ್ಲರ್ ತಾಲೀಮು ಮಾಡಿಸಿ ಅದನ್ನು ನುಡಿಸಿದರು. ಮಿಂಗಸ್ ತೀರಿಕೊಂಡು ಹತ್ತು ವರ್ಷವಾಗಿತ್ತು.