ಬಂದೂಕಿನ ಬೆನ್ನ ಮೇಲಿನ ಉಂಗುರಗಳು

ಅಮೆರಿಕದ ಕೊಲರಾಡೊ ಸಂಸ್ಥಾನದಲ್ಲಿ ಶರತ್ಕಾಲ ಕಾಲಿಟ್ಟಿತೆಂದರೆ ಬೇಟೆಯ ಋತು ಬಂತೆಂದೇ ಅರ್ಥ. ಸರ್ಕಾರದಿಂದ ಪರವಾನಗಿ ಪಡೆದು, ಇಂತಿಷ್ಟು ದಿನ, ಇಂಥದೇ ಪ್ರಾಣಿ ಎಂಬ ಕಟ್ಟುಪಾಡಿಗೆ ಒಳಪಟ್ಟು, ಸಾಮಾನ್ಯ ಸಂಸಾರಸ್ಥರೇ ರಾಕಿ ಪರ್ವತದ ಇಳಿಜಾರುಗಳನ್ನು ಹತ್ತುತ್ತಾರೆ. ಒಂದು ಜಿಂಕೆ ದೊರೆತರೆ ಚಳಿಗಾಲದ ಬಹುಭಾಗ ಮನೆಯ ಅಡಿಗೆಗೆ ಮಾಂಸ ಒದಗಿದಂತೆಯೇ. ಭಾರತದಲ್ಲಾದರೋ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಶಿಕಾರಿಯ ಯುಗ ಮುಗಿಯಿತು; ಕನ್ನಡದ ವಾಚಕರ ಪಾಲಿಗೆ ಅದೀಗ ಹಳೆಯ ಪುಸ್ತಕಗಳ ಮಾತು. ಆದರೂ ಅಲ್ಲಿನ ಬಂದೂಕಿನ ಅಂಗಡಿಯೊಂದರಲ್ಲಿ ದಿನವೂ ನಡೆಯುವ ಒಂದು ವ್ಯಾಪಾರ, ಸಂಸಾರ ನಡೆಸಿ ಬಲ್ಲ ಯಾರಿಗಾದರೂ ಅರ್ಥವಾಗುವಂಥದು.

ಗಿರಾಕಿ ಒಂದು ವರ್ಷದ ಉಳಿತಾಯವನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ. ಬಂದೂಕಿನ ಮೇಲೆ ಕೂರಿಸುವ ದುರ್ಬೀನನ್ನು ಆರಿಸಲು ಎರಡು ಗಂಟೆ ತೆಗೆದುಕೊಳ್ಳುತ್ತಾನೆ. ಗಾಜನ್ನು ಬೆಳಕಿಗೆ ಹಿಡಿಯುತ್ತಾನೆ, ಬಾಗಿಲಾಚೆ ಬಂದು ದೂರದ ಮರವನ್ನು ನೋಡುತ್ತಾನೆ, ಅದಕ್ಕೂ ಇದಕ್ಕೂ ಹೋಲಿಸುತ್ತಾನೆ. ಕೊನೆಗೆ ಹಣವೆಲ್ಲ ದುರ್ಬೀನಿಗೇ ಸಂದುಹೋಗುತ್ತದೆ. ಅದನ್ನು ಬಂದೂಕಿಗೆ ಬಂಧಿಸುವ ಪೀಠ ಮತ್ತು ಉಂಗುರಗಳ ಮಾತು ಬಂದಾಗ, “ಯಾವುದಾದರೂ ಆದೀತು, ಅಗ್ಗದ್ದು ಕೊಡಿ” ಎನ್ನುತ್ತಾನೆ. ಮುತ್ತಿನ ಸರಕ್ಕೆ ಸಾವಿರ ಸುರಿದು ಕೊಂಡಿಗೆ ಕಾಸು ಬಿಚ್ಚದವರ ಜಾಣತನವೂ ಇಂಥದೇ. ಸರವಾದರೋ ಕಳೆದುಹೋಗುವುದಷ್ಟೆ, ಇಲ್ಲಿ ಒಂದು ಜೀವ ನರಳುತ್ತದೆ.

ನರಳುವುದು ಹೇಗೆಂಬುದಕ್ಕೆ ಪ್ರಾಥಮಿಕ ಶಾಲೆಯ ಲೆಕ್ಕ ಸಾಕು. ದುರ್ಬೀನನ್ನು ಹಿಡಿದಿರುವ ಎರಡು ಉಂಗುರಗಳ ನಡುವಣ ಅಂತರ ಹನ್ನೆರಡೂವರೆ ಸೆಂಟಿಮೀಟರ್ ಎಂದಿಟ್ಟುಕೊಳ್ಳಬಹುದು. ಹಿಂದಿನ ಉಂಗುರ ತನ್ನ ಸ್ಥಾನದಿಂದ ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಅಂದರೆ ಸಾಧಾರಣ ಕಾಗದದ ಒಂದು ಹಾಳೆಯ ದಪ್ಪದಷ್ಟು, ಪಕ್ಕಕ್ಕೆ ಜಾರಿತೆನ್ನೋಣ. ದುರ್ಬೀನಿನ ದೃಷ್ಟಿ ಸಾವಿರದ ಇನ್ನೂರೈವತ್ತರಲ್ಲಿ ಒಂದು ಪಾಲು ಓರೆಯಾಗುತ್ತದೆ. ನೂರು ಮೀಟರ್ ದೂರದಲ್ಲಿ ಅದು ೮ ಸೆಂಟಿಮೀಟರ್. ಇನ್ನೂರು ಮೀಟರಿಗೆ ೧೬. ಅಲ್ಲಿನ ಮ್ಯೂಲ್ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗವಾದರೋ ಒಂದು ಊಟದ ತಟ್ಟೆಯಷ್ಟು ಅಗಲ. ತಟ್ಟೆಯ ನಡುವಿಗೆ ಹಿಡಿದ ಗುರಿ ೧೬ ಸೆಂಟಿಮೀಟರ್ ಸರಿದರೆ ಗುಂಡು ತಟ್ಟೆಯ ಹೊರಗೆ ಬೀಳುತ್ತದೆ. ಅದು ಹೊಟ್ಟೆಗೋ ತೊಡೆಗೋ ತಗುಲಿದ ಜಿಂಕೆ ಸಾಯುವುದಿಲ್ಲ, ಓಡುತ್ತದೆ. ಕತ್ತಲಾಗುವವರೆಗೆ, ಹಿಮ ಬೀಳುವವರೆಗೆ ರಕ್ತದ ಹನಿಗಳನ್ನು ಹುಡುಕುತ್ತ ಅಲೆಯುವುದು ಬೇಟೆಗಾರನ ಪಾಲಿಗೆ. ಪೊದೆಯಲ್ಲಿ ಬಿದ್ದು ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ ಕಳೆಯುವುದು ಜಿಂಕೆಯ ಪಾಲಿಗೆ.

ಗುರಿ ಓರೆಯಾಗಿದ್ದರೆ ದುರ್ಬೀನಿನ ತಿರುಗಣೆಗಳನ್ನು ತಿರುಗಿಸಿ ಸರಿಪಡಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಓರೆ ಸ್ಥಿರವಾಗಿದ್ದರೆ ಸರಿಪಡಿಸಬಹುದು, ಸಂದೇಹವಿಲ್ಲ. ಇಂದು ಒಂದು ಕಡೆಗೆ, ನಾಳೆ ಇನ್ನೊಂದು ಕಡೆಗೆ ಜಾರುವ ಉಂಗುರಕ್ಕೆ ಮಾತ್ರ ಮದ್ದಿಲ್ಲ.

ಜಾರುವಂತೆ ಮಾಡುವುದು ಬಂದೂಕಿನ ಒದೆತ. ಗುಂಡು ಮುಂದಕ್ಕೆ ಚಿಮ್ಮಿದಾಗ ಬಂದೂಕು ಹಿಂದಕ್ಕೆ ನೆಗೆಯುತ್ತದೆ. ದುರ್ಬೀನು ಮಾತ್ರ ಇದ್ದಲ್ಲಿಯೇ ಇರಲು ಬಯಸುತ್ತದೆ. ಅಮೆರಿಕದ ಬೇಟೆಗಾರರಲ್ಲಿ ಬಹು ಬಳಕೆಯ .೩೦-೦೬ ಜಾತಿಯ, ಮೂರೂವರೆ ಕಿಲೋ ತೂಕದ ಬಂದೂಕು ಸೆಕೆಂಡಿಗೆ ಸುಮಾರು ೪ ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಆ ವೇಗ ಅದಕ್ಕೆ ಬರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ! ಆ ಕ್ಷಣಮಾತ್ರದಲ್ಲಿ ನಾನೂರು ಗ್ರಾಂ ತೂಕದ ದುರ್ಬೀನು ಉಂಗುರಗಳನ್ನು ಜಗ್ಗುವ ಬಲ, ದಷ್ಟಪುಷ್ಟನಾದ ಒಬ್ಬ ಮನುಷ್ಯ ಜೋತುಬಿದ್ದಂತೆ. ಇಷ್ಟನ್ನೂ ತಡೆಯಬೇಕಾದವು ಮೂರೂವರೆ ಮಿಲಿಮೀಟರ್ ದಪ್ಪದ ಮೂರು ನಾಲ್ಕು ತಿರುಪುಗಳು. ಆದುದರಿಂದಲೇ ಒಳ್ಳೆಯ ಪೀಠದಲ್ಲಿ ಅಡ್ಡ ಗಾಡಿ ಕೊರೆದಿರುತ್ತಾರೆ; ಉಂಗುರದ ಅಡ್ಡಪಟ್ಟಿ ಅದರೊಳಗೆ ಕುಳಿತು ಒದೆತವನ್ನು ತಾನೇ ಹೊರುತ್ತದೆ. ಆನೆ ಮೊದಲಾದ ದೊಡ್ಡ ಪ್ರಾಣಿಗಳಿಗಾಗಿ ಮಾಡಿದ ಭಾರೀ ಬಂದೂಕುಗಳಿಗೆ, ತೂತುಗಳನ್ನೇ ಹಿಗ್ಗಿಸಿ ನಾಲ್ಕು ಮಿಲಿಮೀಟರಿಗೂ ಮೀರಿದ ತಿರುಪು ಹಾಕಿಸಿಕೊಳ್ಳುವವರೂ ಉಂಟು. ಅದು ಜಂಭವಲ್ಲ, ವಿವೇಕ.

ಈ ಬಂಧನದ ಕಥೆಗೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ. ೧೮೮೦ರ ಸುಮಾರಿಗೆ ಆಸ್ಟ್ರಿಯದ ಅರಣ್ಯಾಧಿಕಾರಿ ಆಗಸ್ಟ್ ಫೀಡ್ಲರ್ ಬೇಟೆಗೆ ಒದಗುವಂಥ ದುರ್ಬೀನನ್ನು ರೂಪಿಸಿದ. ಅಲ್ಲಿನವರಿಗೆ ಮುಸ್ಸಂಜೆಯಲ್ಲಿ ದುರ್ಬೀನು ಬೇಕು, ಅಟ್ಟಿ ತಂದ ಕಾಡುಹಂದಿ ಎದುರಿಗೇ ನುಗ್ಗಿದಾಗ ಬೇಡ. ಹೀಗಾಗಿ ಜರ್ಮನ್ ಮತ್ತು ಆಸ್ಟ್ರಿಯನ್ ಕುಶಲಿಗಳು ಕೊಕ್ಕೆಯ ಮೌಂಟುಗಳನ್ನು ನಿರ್ಮಿಸಿದರು. ಪಾದದ ಕೊಕ್ಕೆಗಳು ಪೀಠದ ತೂತುಗಳಲ್ಲಿ ಕುಳಿತು ‘ಟಕ್’ ಎಂದು ಕಚ್ಚಿಕೊಳ್ಳುತ್ತವೆ. ಕೀಲೊತ್ತಿದರೆ ದುರ್ಬೀನು ಕೈಗೆ ಬರುತ್ತದೆ. ಮತ್ತೆ ಕೂರಿಸಿದರೆ ಗುರಿ ಮೊದಲಿನಂತೆಯೇ. ಒಂದೊಂದು ಬಂದೂಕಿಗೂ ಅರ ಹಿಡಿದು ಉಜ್ಜಿ ಉಜ್ಜಿ ಹೊಂದಿಸಬೇಕಾದ ಕೆಲಸವಾದ್ದರಿಂದ ಬೆಲೆ ಮಾತ್ರ ಶ್ರೀಮಂತರದು.

ಅಮೆರಿಕದವರ ಮಾರ್ಗ ಬೇರೆ. ೧೯೩೦ರಲ್ಲಿ ವಿಲಿಯಂ ವೀವರ್ ಎಂಬವನು ಕೆಂಟುಕಿಯ ನ್ಯೂಪೋರ್ಟಿನಲ್ಲಿ ಸಾಮಾನ್ಯರ ಕೈಗೆಟುಕುವ ದುರ್ಬೀನನ್ನು ತಯಾರಿಸತೊಡಗಿ, ಮೂರು ವರ್ಷಗಳ ಬಳಿಕ ಟೆಕ್ಸಾಸಿನ ಎಲ್ ಪಾಸೋ ನಗರಕ್ಕೆ ಹೋಗಿ ನೆಲಸಿದ. ಅಡ್ಡ ಗಾಡಿಯುಳ್ಳ ಸರಳವಾದ ಚಪ್ಪಟೆ ಪೀಠಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ. ಅದೇ ವಂಶದ ಸೈನಿಕ ಕುಡಿಯನ್ನು ೧೯೯೫ರಲ್ಲಿ ಅಮೆರಿಕದ ಸೇನೆ ಪಿಕಟಿನ್ನಿ ಪಟ್ಟಿ ಎಂಬ ಹೆಸರಿನಿಂದ ನಿಗದಿಪಡಿಸಿತು. ಇದರ ಗಾಡಿಗಳು ತುಸು ಅಗಲ, ಅಂತರವೂ ಏಕಪ್ರಕಾರ. ವೀವರ್ ಉಂಗುರ ಸಾಮಾನ್ಯವಾಗಿ ಪಿಕಟಿನ್ನಿ ಪಟ್ಟಿಯ ಮೇಲೆ ಕೂರುತ್ತದೆ. ಪಿಕಟಿನ್ನಿಯ ಉಂಗುರ ವೀವರ್ ಪೀಠದಲ್ಲಿ ಕೂರುವುದಿಲ್ಲ. ಚಿಕ್ಕ ಬಾಗಿಲಿನ ಮನೆಗೆ ದೊಡ್ಡ ಮಂಚ ತಂದವರ ಪಾಡು ಅನೇಕರದಾಗುವುದು ಇಲ್ಲಿಯೇ.

ಕೊಲರಾಡೊದ ಡೆನ್ವರ್ ನಗರದ ರೆಡ್‌ಫೀಲ್ಡ್ ಕಂಪನಿಯವರು ಹರಡಿದ ಮಾದರಿ ಇನ್ನೊಂದು. ಅದರಲ್ಲಿ ಮುಂದಿನ ಉಂಗುರದ ಪಾದವನ್ನು ಪೀಠದೊಳಗಿಟ್ಟು ಕಾಲು ಸುತ್ತು ತಿರುಗಿಸಿ ಬಿಗಿಯಬೇಕು. ಬಿಗಿ ಹೆಚ್ಚೆಂದು ದುರ್ಬೀನನ್ನೇ ಸನ್ನೆಗೋಲಾಗಿ ಹಿಡಿದು ತಿರುಗಿಸಿ, ಅದನ್ನು ಬಗ್ಗಿಸಿಕೊಂಡ ಆತುರಗಾರರಿಗೆ ಲೆಕ್ಕವಿಲ್ಲ. ಬಲ್ಲವರು ಉಂಗುರದೊಳಕ್ಕೆ ಒಂದು ಅಂಗುಲ ದಪ್ಪದ ಮರದ ಕೋಲನ್ನು ಹಾಕಿ ತಿರುಗಿಸುತ್ತಾರೆ. ಸಪೂರವಾದ ಲಟ್ಟಣಿಗೆ ಮಾಡುವಷ್ಟು ಕೆಲಸ, ಅಷ್ಟೆ.

ಇನ್ನು ಉಂಗುರದ ಅಳತೆ. ದುರ್ಬೀನಿನ ಕೊಳವೆ ಅಮೆರಿಕದಲ್ಲಿ ಬಹುಕಾಲ ಒಂದು ಅಂಗುಲ, ಅಂದರೆ ೨೫.೪ ಮಿಲಿಮೀಟರ್ ಇತ್ತು. ೩೦ ಮಿಲಿಮೀಟರಿನದು ಈಗ ಅಷ್ಟೇ ಸಾಮಾನ್ಯ. ಇವೆರಡನ್ನು ಯಾರೂ ತಪ್ಪು ತಿಳಿಯಲಾರರು. ಮೋಸ ಮಾಡುವುದು ಹಳೆಯ ಯುರೋಪಿಯನ್ ದುರ್ಬೀನುಗಳ ೨೬ ಮಿಲಿಮೀಟರ್ ಕೊಳವೆ. ಕಣ್ಣಿಗೆ ಒಂದೇ ಅಂಗುಲದಂತೆ ತೋರುತ್ತದೆ. ಅಜ್ಜನ ಕಾಲದ ಆ ವಸ್ತುವನ್ನು ಅಂಗುಲದ ಉಂಗುರದಲ್ಲಿ ಒತ್ತಿ ಬಿಗಿದರೆ ಕೊಳವೆ ಹಿಸುಕಿ, ಒಳಗಿನ ಮಸೂರಗಳ ಚಲನೆ ನಿಂತೇ ಹೋಗಬಹುದು.

ಎತ್ತರದ ವಿಷಯದಲ್ಲಿ ಹೊಸಬರು ಎಡವುವುದು ಇನ್ನೂ ಹೆಚ್ಚು. ಮುಂದಿನ ಗಾಜು ದೊಡ್ಡದಾದಷ್ಟೂ ಉಂಗುರ ಎತ್ತರವಾಗಬೇಕು, ನಳಿಗೆಗೆ ಗಾಜಿನ ಬಾಯಿ ತಗುಲಬಾರದು. ೪೦ ಮಿಲಿಮೀಟರ್ ಗಾಜಿನ ದುರ್ಬೀನಿಗೆ ಹೊರಗಿನ ಅಗಲ ಸುಮಾರು ೪೭. ೫೦ರದಕ್ಕೆ ಸುಮಾರು ೫೭. ಈ ಹತ್ತರ ಅರ್ಧದಷ್ಟು ದುರ್ಬೀನು ಮೇಲೇರಿದರೆ ಏನು ಮಹಾ ಎನ್ನಿಸುತ್ತದೆ. ಆದರೆ ಬಂದೂಕಿನ ಮರಕ್ಕೆ ಕೆನ್ನೆಯೊತ್ತಿ ನೋಡುವವನು ಆಗ ಕೆನ್ನೆಯನ್ನೆತ್ತಿ ಗಲ್ಲವನ್ನೂರಬೇಕಾಗುತ್ತದೆ, ತಲೆ ಪ್ರತಿಸಲವೂ ಬೇರೆ ಬೇರೆ ಕಡೆ ನಿಲ್ಲುತ್ತದೆ. ಸಂಜೆಯ ಬೆಳಕಿಗೆ ದೊಡ್ಡ ಗಾಜು ಒಳ್ಳೆಯದೆಂಬುದು ನಿಜವೇ. ಆದರೂ ಗುಡ್ಡ ಹತ್ತಿ ಇಳಿಯುವ ಬೇಟೆಗಾರನಿಗೆ ನಲವತ್ತರ ಗಾಜು, ತಗ್ಗಿನ ಉಂಗುರ, ಇದೇ ಮೇಲು. ಗಾಜಿನ ಬಾಯಿಗೂ ನಳಿಗೆಗೂ ನಡುವೆ ಎರಡು ಮೂರು ಮಿಲಿಮೀಟರ್ ಬೆಳಕು ಕಂಡರೆ ಸಾಕು. ಬೋಲ್ಟಿನ ಹಿಡಿಯನ್ನು ಎತ್ತಿದಾಗ ಅದು ದುರ್ಬೀನಿಗೆ ಬಡಿಯದಿರುವುದನ್ನು ಮಾತ್ರ ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ಹಳೆಯ ಸೈನಿಕ ಮೌಸರ್ ಬಂದೂಕುಗಳಲ್ಲಿ ಹಿಡಿಯನ್ನು ಬಗ್ಗಿಸಿ, ಮೇಲಕ್ಕೆ ನಿಲ್ಲುವ ರಕ್ಷಾಕೀಲನ್ನೂ ಬದಲಾಯಿಸದೆ ದುರ್ಬೀನು ಕೂರುವುದೇ ಇಲ್ಲ. ಕುಮಾವೂನಿನ ನರಭಕ್ಷಕಗಳನ್ನು ಕೊಂದ ಜಿಮ್ ಕಾರ್ಬೆಟ್ಟರ ಹೆಸರಾಂತ .೨೭೫ ರಿಗ್ಬಿಯೂ ಮೌಸರ್ ವಂಶದ್ದೇ, ಅದಕ್ಕೆ ದುರ್ಬೀನಿರಲಿಲ್ಲ. ಪೊದೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ ಎದ್ದುಬರುವ ಹುಲಿಗೆ ಅದು ಬೇಕಾಗಿಯೂ ಇರಲಿಲ್ಲ.

ಕಣ್ಣಿಗೂ ದುರ್ಬೀನಿಗೂ ಸುಮಾರು ಒಂಬತ್ತು ಸೆಂಟಿಮೀಟರ್ ಅಂತರವಿರಬೇಕು. ಕೊಳವೆ ಹಿಂದೆಮುಂದೆ ಸರಿಯುವಷ್ಟು ಎಡೆ ಉಂಗುರಗಳ ನಡುವೆ ಇಲ್ಲದಿದ್ದರೆ, ಮೇಲೇರು ಗುಡ್ಡದ ಕಡೆ ಗುಂಡು ಹಾರಿಸಿದೊಡನೆ ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ ಸಿದ್ಧ. ಅದನ್ನು ಹೊತ್ತು ಮನೆಗೆ ಬಂದವನು ಹೆಂಡತಿಗೆ ಏನು ಹೇಳಿದರೂ ಆಕೆ ನಂಬುವುದಿಲ್ಲ.

ಬಿಗಿಯುವಾಗ ಬಲಪ್ರದರ್ಶನ ಸಲ್ಲದು. ಉಂಗುರದ ತಿರುಪಿಗೆ ೨ ನ್ಯೂಟನ್-ಮೀಟರ್ ಬಿಗಿ, ಅಂದರೆ ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಎರಡು ಕಿಲೋ ತೂಗಿಬಿಟ್ಟಷ್ಟು, ಸಾಕೇ ಸಾಕು. ಎರಡೂ ಪಕ್ಕದ ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಅದಕ್ಕೆ ಮೊದಲು ತಿರುಪು, ತೂತು ಎರಡರ ಎಣ್ಣೆಯನ್ನೂ ಒರೆಸಬೇಕು. ಎಣ್ಣೆ ಹಚ್ಚಿದ ತಿರುಪು ಅದೇ ಬಲಕ್ಕೆ ಮಿತಿಮೀರಿ ಬಿಗಿಯುತ್ತದೆ.

ಎಲ್ಲ ಮುಗಿದ ಮೇಲೆ ಅನುಭವಿಗಳು ಮನೆಯ ಹೆಣ್ಣುಮಕ್ಕಳ ಉಗುರುಬಣ್ಣದ ಶೀಸೆಯನ್ನು ಎರವಲು ತಂದು, ಒಂದೊಂದು ತಿರುಪಿನ ತಲೆಯಿಂದ ಉಂಗುರದವರೆಗೂ ಸಣ್ಣಗೆರೆ ಎಳೆಯುತ್ತಾರೆ. ತಿರುಪು ಕದಲಿದರೆ ಗೆರೆ ಮುರಿಯುತ್ತದೆ. ಬೆಳಗಿನ ಜಾವದ ಚಳಿಯಲ್ಲಿ, ಗುಡಾರದಿಂದ ಹೊರಡುವ ಮೊದಲು, ದೀಪದ ಬೆಳಕಿಗೆ ಬಂದೂಕನ್ನು ತಿರುಗಿಸಿ ಆ ಕೆಂಪು ಗೆರೆಗಳನ್ನು ಒಮ್ಮೆ ನೋಡುತ್ತಾರೆ. ಒಂದೇ ಒಂದು ಮುರಿದಿದ್ದರೂ ಆ ದಿನ ಜಿಂಕೆಯ ಹಾದಿಗೆ ಹೋಗದೆ, ಕಾಗದದ ಗುರಿಯೆದುರು ಕುಳಿತು ಮತ್ತೆ ಮೊದಲಿನಿಂದ ಹೊಂದಿಸಿಕೊಳ್ಳುತ್ತಾರೆ.