ನೋಡಿದ್ದಕ್ಕೂ ಕಾಸು ಕೊಡಿ, ಸ್ವಾಮಿ!

ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್ಲಿನಲ್ಲಿ ಹಳೇ ಅಂಬಾಸಿಡರ್ ಕಾರೊಂದು ನಿಂತುಬಿಟ್ಟರೆ ಮುಗಿಯಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ, ಹಾರನ್ನೋ ಹಾರನ್ನು! ಕಂಡಕ್ಟರ್ ಬೈಯುತ್ತಾನೆ, ಅಂಗಡಿ ಹುಡುಗರು ಬಂದು ತಳ್ಳುತ್ತಾರೆ. ಹದಿನೈದು ನಿಮಿಷ ಬಿಟ್ಟು ಮಾಲೀಕರು ಕೀ ತಿರುವಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್! ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಹೇಳುತ್ತಾನೆ: "ಚೆನ್ನಾಗೇ ಇದೆಯಲ್ಲ ಸಾರ್. ಯಾವುದಕ್ಕೂ ಕಾಯಿಲ್ ಬದಲಾಯಿಸಿಬಿಡೋಣ."

ಈ 'ಯಾವುದಕ್ಕೂ' ಎಂಬ ಮಾತೇ ಜೇಬಿಗೆ ಕತ್ತರಿ. ಮೊದಲು ಕಾಯಿಲ್, ಆಮೇಲೆ ಪ್ಲಗ್ಗು, ಆಮೇಲೆ ಕಾರ್ಬುರೇಟರ್. ಬಿಲ್ಲು ಬೆಳೆಯುತ್ತದೆ, ಕಾರು ನಿಲ್ಲುತ್ತಲೇ ಇರುತ್ತದೆ. ತೂಕ ಮಾಡದೆ ಬಿಲ್ ಬರೆಯುವ ಕಿರಾಣಿ ಅಂಗಡಿಗೆ ಗಿರಾಕಿ ಮತ್ತೆ ಕಾಲಿಡುತ್ತಾನೆಯೇ?

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಹೋಯಿತು. ಪಾಯಿಂಟು, ಕಾರ್ಬುರೇಟರ್ ಇರುವ ಹಳೇ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ತಾನಾಗಿ ರೋಗ ಹೇಳಿಕೊಳ್ಳುವುದಿಲ್ಲ. ಆದರೆ ಓಡುತ್ತಿದ್ದ ಎಂಜಿನ್ ಹೀಗೆ ನಿಂತರೆ ನೋಡಬೇಕಾದ್ದು ಮುಖ್ಯವಾಗಿ ಎರಡೇ: ಕರೆಂಟು, ಪೆಟ್ರೋಲು. ಯಾವುದು ಕೈಕೊಟ್ಟಿತು ಎಂಬುದನ್ನು ಕಾರು ನಿಂತಾಗಲೇ, ಬಿಸಿ ಆರುವ ಮೊದಲೇ ನೋಡಬೇಕು. ಆರಿದ ಮೇಲೆ ಕಳ್ಳ ಪರಾರಿ!

ನಿಂತ ರೀತಿಯೇ ಅರ್ಧ ಕಥೆ ಹೇಳುತ್ತದೆ. ಸ್ವಿಚ್ ಆರಿಸಿದ ಹಾಗೆ ಟಕ್ಕನೆ ನಿಂತರೆ ಅನುಮಾನ ಕರೆಂಟಿನ ಮೇಲೆ. ಜಗ್ಗಿ, ಕೆಮ್ಮಿ, ಎಳೆತ ಕಳೆದುಕೊಂಡು ನಿಂತರೆ ಪೆಟ್ರೋಲಿನ ಮೇಲೆ.

ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿದ ಮೇಲೆ, ಬೇರೆ ಪ್ಲಗ್ಗೊಂದನ್ನು ಪ್ಲಗ್ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದರೆ ಕಿಡಿ ಹಾರಬೇಕು. ಪ್ಲಗ್ಗನ್ನು ಕೈಯಲ್ಲಿ ಹಿಡಿಯಬಾರದು. ಪೆಟ್ರೋಲ್ ಸೋರುತ್ತಿದ್ದರೆ ಈ ಕೆಲಸವೇ ಬೇಡ. ಕಿಡಿ ಇಲ್ಲವೇ? ಬಿಸಿಯಾದಾಗ ಒಳಗೆ ಕಡಿದು, ಆರಿದಾಗ ಕೂಡಿಕೊಳ್ಳುವ ಕಾಯಿಲ್ ಇರಬಹುದು, ಕಂಡೆನ್ಸರ್ ಇರಬಹುದು. ಡಿಸ್ಟ್ರಿಬ್ಯೂಟರ್ ಒಳಗಿನ ಗೇಣುದ್ದವೂ ಇಲ್ಲದ ವೈರು ಹೊರಗೆ ಗಟ್ಟಿಯಾಗಿದ್ದು ಒಳಗೆ ತುಂಡಾಗಿರಲೂಬಹುದು.

ಕಿಡಿ ಚೆನ್ನಾಗಿದ್ದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಎಂದು ಗಾಳಿ ಒಳಗೆ ಹೋಯಿತೇ? ಗಾಳಿಯ ತೂತು ಕಟ್ಟಿದೆ. ಇಲ್ಲದಿದ್ದರೆ ಫಿಲ್ಟರ್, ಆಮೇಲೆ ಎಂಜಿನ್ನಿನ ಪೆಟ್ರೋಲ್ ಪಂಪು. ಘಾಟಿ ಹತ್ತುವಾಗ ಕಾವಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುವುದೂ ಉಂಟು. ಹಳೇ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಹೊಸ ನೆಪ ಎಥೆನಾಲ್. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆಂದು ಮಾಡಿದವಲ್ಲ, ನಿಜ. ಅವನ್ನು ನೋಡಲೇಬೇಕು. ಆದರೆ ನೋಡದೇ ಎಲ್ಲವನ್ನೂ ಎಥೆನಾಲಿನ ತಲೆಗೆ ಕಟ್ಟುವುದೂ 'ಯಾವುದಕ್ಕೂ' ಜಾತಿಯ ಮಾತೇ.

ಹಾಗಾದರೆ ತಪ್ಪೆಲ್ಲ ಮೆಕ್ಯಾನಿಕ್ಕಿನದೇ? ಅಲ್ಲ. ಕಾರು ನಿಲ್ಲುವ ತನಕ ಓಡಿಸಿ, ಅರ್ಧ ದಿನ ಕಳೆದು, ಕೊನೆಗೆ ಒಂದು ವೈರು ಹಾಕಿ ಕೂಲಿ ಕೇಳಿದರೆ ಮಾಲೀಕರು ಏನನ್ನುತ್ತಾರೆ? "ಬರೀ ನೋಡಿದ್ದಕ್ಕೆ ಇಷ್ಟಾ?" ಅದೇ ಹೊಸ ಕಾಯಿಲ್ ತೋರಿಸಿದರೆ ಮರುಮಾತಿಲ್ಲದೆ ಎಣಿಸುತ್ತಾರೆ. ಸಾಮಾನಿಗೆ ದುಡ್ಡು, ಬುದ್ಧಿಗೆ ದುಡ್ಡಿಲ್ಲ ಎಂದಮೇಲೆ ಮೆಕ್ಯಾನಿಕ್ ಸಾಮಾನನ್ನೇ ಮಾರುತ್ತಾನೆ!

ಎಷ್ಟು ದೂರ ಓಡಿದ ಮೇಲೆ, ಏರಿನಲ್ಲೋ ಇಳಿಜಾರಿನಲ್ಲೋ, ಹೇಗೆ ನಿಂತಿತು ಎಂದು ಮಾಲೀಕರು ಬರೆದಿಟ್ಟುಕೊಳ್ಳಲಿ. ಮೆಕ್ಯಾನಿಕ್ ಏನು ಪರೀಕ್ಷಿಸಿದೆ, ಏನು ಸಿಕ್ಕಿತು ಎಂದು ಬಿಲ್ಲಿನಲ್ಲಿ ಬರೆಯಲಿ. ತೆಗೆದ ಹಳೇ ಸಾಮಾನನ್ನು ಕೈಗೆ ಕೊಡಲಿ. ನೋಡಿದ ಹೊತ್ತಿಗೂ ಕೂಲಿ ಸಿಗಲಿ.

ಸರ್ಕಲ್ಲಿನಲ್ಲಿ ನಿಂತರೆ ತಳ್ಳಲು ನಾಲ್ಕು ಜನ ಇದ್ದಾರೆ. ಮಳೆಗಾಲದ ರಾತ್ರಿ ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಟ್ಯಾಂಕರ್ ಬರುತ್ತಿರುವಾಗ ನಿಂತರೆ ತಳ್ಳುವವರು ಯಾರು?